ಹನ್ನೆರಡನೇ ಡಬ್ಬದ ಮುಚ್ಚಳ

“ಸುಮ್ನೆ ಹೊತ್ತು ಕಳೀಬೇಡ ದಾಸಣ್ಣ. ಹನ್ನೆರಡನೇ ರೀಲು ಎಲ್ಲಿಟ್ಟಿದ್ದೀಯಾ, ಹೇಳ್ಬಿಡು.”

ಮುದುಕ ನನ್ನತ್ತ ತಿರುಗಲೂ ಇಲ್ಲ. ಕಬ್ಬಿಣದ ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟ ತುಕ್ಕು ಹಿಡಿದ ತಗಡಿನ ಡಬ್ಬಗಳನ್ನು ನೋಡುತ್ತಾ ನಿಂತಿದ್ದ.

“ದಾಸಣ್ಣ, ನಿನ್ನೇ ಕೇಳ್ತಿರೋದು.”

“ಕೇಳುಸ್ತು ಸಾ. ಕಿವಿ ಇನ್ನೂ ನೆಟ್ಟಗೈತೆ.”

ಮಧುಗಿರಿಯ ಪೇಟೆಯಲ್ಲಿ ಪ್ರಭುದೇವನ ಮೊಬೈಲ್ ರಿಪೇರಿ ಅಂಗಡಿಯಿದೆ. ಅದರ ಮೇಲಿನ ಕೋಣೆಯಲ್ಲಿ ನಾವು ಮೂವರಿದ್ದೆವು. ಮಂಗಳವಾರ ಮಧ್ಯಾಹ್ನ ಇದೇ ಕೋಣೆಯಿಂದ ‘ಅಬ್ಬರದ ಅಳಿಯಂದ್ರು’ ಚಿತ್ರದ ಹನ್ನೆರಡನೇ ರೀಲು ಡಬ್ಬದ ಸಮೇತ ಮಾಯವಾಗಿತ್ತು. ಇವತ್ತು ಶುಕ್ರವಾರ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಪ್ರದರ್ಶನ.

ಪ್ರಭುದೇವ ಬಾಗಿಲ ಬಳಿ ಉಗುರು ಕಚ್ಚುತ್ತಾ ನಿಂತಿದ್ದ. ಮೂವತ್ತೈದರ ಪ್ರಾಯ, ಹಳೇ ಸಿನಿಮಾ ಹುಚ್ಚು. ಧೂಳು ಬಿದ್ದರೆ ಫಿಲ್ಮು ಹಾಳಾಗುತ್ತದೆಂದು ಎಲ್ಲರ ಚಪ್ಪಲಿಯನ್ನೂ ಹೊರಗೇ ಬಿಡಿಸುತ್ತಿದ್ದ. ನನಗಂತೂ ಈ ಕಟ್ಟಳೆ ಸುತರಾಂ ಇಷ್ಟವಿಲ್ಲ. ಚಿಕ್ಕಂದಿನಲ್ಲಿ ಕಲ್ಲು ಬಿದ್ದು ನನ್ನ ಎಡಗಾಲಿನ ಹೆಬ್ಬೆರಳು ಸೊಟ್ಟಗಾಗಿದೆ, ಅದಕ್ಕೆ ಉಗುರೂ ಇಲ್ಲ. ಮೂವತ್ತೈದು ವರ್ಷ ಪೊಲೀಸ್ ಬೂಟಿನೊಳಗೆ ಮುಚ್ಚಿಟ್ಟುಕೊಂಡ ಬೆರಳನ್ನು ಈಗ ನಿವೃತ್ತಿಯಾದ ಮೇಲೆ ಊರಿಗೆಲ್ಲ ತೋರಿಸುವ ಕರ್ಮ ನನಗೆ.

ನಾನು ಕೆಲಸ ಮಾಡಿದಷ್ಟು ಕಾಲ ಕುರಿ ಕಳ್ಳರನ್ನೂ ಪಂಪ್‌ಸೆಟ್ ಕಳ್ಳರನ್ನೂ ಹಿಡಿದವನು. ಸಿನಿಮಾ ರೀಲು ಕದ್ದವನನ್ನು ಹಿಡಿಯುವುದೇನು ಮಹಾ ಎಂದುಕೊಂಡಿದ್ದೆ. ದಾಸಣ್ಣನ ಮೇಲೆ ಅನುಮಾನ ಬರಲು ಕಾರಣವೂ ಇತ್ತು. ಬಡವನಹಳ್ಳಿಯ ಟೆಂಟಿನಲ್ಲಿ ಅವನೇ ಪ್ರೊಜೆಕ್ಟರ್ ಆಪರೇಟರ್ ಆಗಿದ್ದ. ಮಂಗಳವಾರ ದೊಡ್ಡೇರಿಯಿಂದ ಬಂದು ಈ ಡಬ್ಬಗಳನ್ನು ನೋಡಿದ್ದ. ಹೋಗುವಾಗ, “ಹನ್ನೆರಡನೇ ರೀಲ್ ಮಾತ್ರ ತೋರುಸ್ಬ್ಯಾಡಪ್ಪಾ, ನಿನ್ ಕಾಲಿಗ್ ಬೀಳ್ತೀನಿ,” ಎಂದು ಪ್ರಭುದೇವನ ಮುಂದೆ ಕಣ್ಣೀರಿಟ್ಟಿದ್ದ.

“ಬೇಡ ಅಂದೋನೂ ನೀನೇ, ಬಂದೋನೂ ನೀನೇ,” ಎಂದೆ. “ರೀಲಿನ ವಿಷಯ ಬಲ್ಲವನು ಈ ಊರಲ್ಲಿ ಇನ್ಯಾರಿದ್ದಾರೆ?”

ದಾಸಣ್ಣ ನಕ್ಕ. ಹಲ್ಲಿಲ್ಲದ ನಗು.

“ಅದಕ್ಕೇ ಸಾ ನಾನಲ್ಲ ಅನ್ನೋದು. ಯಾವ್ ಡಬ್ಬ ಹೋಗೈತೆ?”

“ಹನ್ನೆರಡು ಅಂತ ಬರೆದಿದ್ದು,” ಎಂದ ಪ್ರಭುದೇವ.

“ಎಲ್ಲಿ ಬರ್ದಿತ್ತು?”

“ಮುಚ್ಚಳದ ಮೇಲೆ.”

“ಮುಚ್ಚಳ ನೋಡಿ ರೀಲ್ ಎತ್ಕಂಡೋನು ಆಪರೇಟರ್ ಹೆಂಗಾಗ್ತಾನಪ್ಪಾ?”

ನಾನು ಪ್ರಭುದೇವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ.

ದಾಸಣ್ಣ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ವಿವರಿಸಿದ. ಆಗ ಬಡವನಹಳ್ಳಿ ಟೆಂಟಿಗೂ ದೊಡ್ಡೇರಿ ಟೆಂಟಿಗೂ ಸೇರಿ ಒಂದೇ ಪ್ರಿಂಟು. ಇಲ್ಲಿ ಒಂದು ರೀಲು ಮುಗಿದ ತಕ್ಷಣ ಸೈಕಲ್ಲಿನವನು ಅದನ್ನು ಕಟ್ಟಿಕೊಂಡು ಅಲ್ಲಿಗೆ ಓಡಬೇಕು. ಅಲ್ಲಿ ಜನ ಶಿಳ್ಳೆ ಹೊಡೆಯುತ್ತಾ ಕಾಯುತ್ತಿರುತ್ತಾರೆ. ಆ ಅವಸರದಲ್ಲಿ ಕೈಗೆ ಸಿಕ್ಕ ಮುಚ್ಚಳವನ್ನು ಕೈಗೆ ಸಿಕ್ಕ ಡಬ್ಬಕ್ಕೆ ಒತ್ತುವುದೇ ಸೈ. ಒಂದು ವಾರ ಕಳೆಯುವಷ್ಟರಲ್ಲಿ ಮುಚ್ಚಳಗಳೆಲ್ಲ ಅದಲು ಬದಲು.

“ಅದಕ್ಕೇ ಮುಚ್ಚಳ ನಂಬ್ತಿರ್ಲಿಲ್ಲ ನಾವು. ಡಬ್ಬದ ತಳದಾಗೆ ಅರದಲ್ಲಿ ಗೀರು ಹಾಕಿಟ್ಕಳ್ತಿದ್ವಿ. ಮೂರನೇ ರೀಲಿಗೆ ಮೂರು ಗೀರು, ಹತ್ತನೇದಕ್ಕೆ ಹತ್ತು. ಕತ್ಲಾಗೆ ಬೆಳ್ಳಾಡ್ಸಿದ್ರೂ ಗೊತ್ತಾಗ್ತಿತ್ತು.”

“ಅಂದ್ರೆ...” ಪ್ರಭುದೇವ ಉಗುರು ಕಚ್ಚುವುದನ್ನು ನಿಲ್ಲಿಸಿದ.

“ಅಂದ್ರೆ ಕಳ್ಳ ಕದ್ದಿರೋದು ಯಾವ್ದೋ ಹಾಡಿನ ರೀಲು. ಹನ್ನೆರಡನೇದು ಇಲ್ಲೇ ಎಲ್ಲೋ ಐತೆ. ನೀನು ಒಂದ್ ಡಬ್ಬನೂ ಬಿಚ್ಚಿ ನೋಡ್ಲಿಲ್ವೇನಪ್ಪಾ?”

“ಸಿರಾದಿಂದ ಪ್ರೊಜೆಕ್ಟರ್‌ನವರು ನಾಳೆ ಬರ್ತಾರೆ. ಅವರು ಬರೋ ತನಕ ಗಾಳಿ ಆಡ್ಬಾರ್ದು ಅಂತ...”

ನನಗೆ ನಾಚಿಕೆಯಾಯಿತು. ಮೂರು ದಿನದಿಂದ ಮಧುಗಿರಿ, ಕೊರಟಗೆರೆ, ಸಿರಾ ಎಂದು ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದೆ. ರೀಲು ನನ್ನ ಮೂಗಿನ ಕೆಳಗೇ ಇತ್ತು. ಎಪ್ಪತ್ತೈದರ ಮುದುಕನನ್ನು ಏಕವಚನದಲ್ಲಿ ಗದರಿಸಿದ್ದು ಬೇರೆ. ಪೊಲೀಸ್ ನಾಲಿಗೆ, ಪಿಂಚಣಿ ಬಂದರೂ ಬುದ್ಧಿ ಬರಲಿಲ್ಲ.

ದಾಸಣ್ಣ ಡಬ್ಬಗಳನ್ನು ಒಂದೊಂದಾಗಿ ಎತ್ತಿ ತಳದಲ್ಲಿ ಬೆರಳಾಡಿಸಿದ. ಒಂಬತ್ತನೆಯದಕ್ಕೆ ಕೈ ನಿಂತಿತು. ಮುಚ್ಚಳದ ಮೇಲೆ ಏಳು ಎಂದು ಬಿಳೀ ಬಣ್ಣದಲ್ಲಿ ಬರೆದಿತ್ತು. ಅವನು ಅದನ್ನು ನನ್ನ ಕೈಗಿಟ್ಟ. ನಾನು ಎಣಿಸಿದೆ. ಹನ್ನೆರಡು ಗೀರು.

ಮುಚ್ಚಳ ಬಿಚ್ಚಿದಾಗ ಹಳೇ ಫಿಲ್ಮಿನ ಹುಳಿ ವಾಸನೆ ಮೂಗಿಗೆ ಹೊಡೆಯಿತು.

* * *

ಈ ಚಿತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು.

ಎಂಬತ್ತಾರರಲ್ಲಿ ಬೆಂಗಳೂರಿನಲ್ಲಿ ಅದು ಒಂದೇ ವಾರಕ್ಕೆ ಎತ್ತಂಗಡಿಯಾಗಿತ್ತು. ನಮ್ಮ ನಾಲ್ಕು ತಾಲ್ಲೂಕಿನ ಟೆಂಟುಗಳಲ್ಲಿ ಮಾತ್ರ ವರ್ಷಗಟ್ಟಲೆ ಓಡಿತು. ಹೊಡೆದಾಟವೆಲ್ಲ ನಡೆದದ್ದು ನಮ್ಮ ಬೆಟ್ಟದ ಬುಡದಲ್ಲಿ. ಓಡಿದ್ದು ನಮ್ಮ ಕುರಿಗಳು, ಒದೆ ತಿಂದದ್ದು ನಮ್ಮ ಜನ. ಈಗ ಹೊಸ ಹುಡುಗರು ಅದರ ತುಣುಕುಗಳನ್ನು ಫೋನಿನಲ್ಲಿ ಹರಿಬಿಟ್ಟು ಮತ್ತೆ ತಲೆ ಮೇಲೆ ಹೊತ್ತುಕೊಂಡಿದ್ದಾರೆ.

ಈ ಮೂರು ದಿನದಲ್ಲಿ ಕೇಸಿಗಾಗಿ ನಾನೂ ಸಿಕ್ಕಷ್ಟು ತುಣುಕುಗಳನ್ನು ನೋಡಿದೆ. ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕ ಸಿನಿಮಾ. ಈಗ ನೋಡಿದರೆ ದೊಡ್ಡ ಅಳಿಯ ಹತ್ತು ನಿಮಿಷಕ್ಕೊಮ್ಮೆ ಹೆಂಡತಿ ಕೆನ್ನೆಗೆ ಬಾರಿಸುತ್ತಾನೆ, ಅದಕ್ಕೊಂದು ಟೊಂಯ್ ಎನ್ನುವ ಸದ್ದು. ಒಬ್ಬ ಕುಳ್ಳನನ್ನು ಮೂಟೆಯಂತೆ ಎಸೆಯುತ್ತಾರೆ, ಅದಕ್ಕೊಂದು ಸದ್ದು. ನನಗೆ ಒಂದು ಕಡೆಯೂ ನಗು ಬರಲಿಲ್ಲ. ಅಷ್ಟು ನಕ್ಕವನು ನಾನೇನಾ ಎಂದು ನನ್ನ ಮೇಲೇ ಅಸಹ್ಯವಾಯಿತು.

ಹನ್ನೆರಡನೇ ರೀಲಿನದು ಎಲ್ಲಕ್ಕಿಂತ ಹೆಸರಾದ ತುಣುಕು. ತಲೆಗೆ ಕಂಬಳಿ ಹೊದ್ದ ಖಳನ ಬಂಟನೊಬ್ಬ ಅಳಿಯನ ಒದೆಗೆ ಬಂಡೆಯಿಂದ ಉರುಳಿ ಬೀಳುತ್ತಾನೆ. ಎದ್ದು ಓಡುತ್ತಾನೆ. ಪಂಚೆ ಹಿಂದೆಯೇ ಉಳಿಯುತ್ತದೆ. ಮೈಮೇಲೆ ಹರಕು ಲಂಗೋಟಿ. ಅವನು ಒಂದು ಕುರಿಮರಿಯನ್ನು ಎತ್ತಿ ಅಡ್ಡ ಹಿಡಿದುಕೊಂಡು ಮಂದೆಯೊಳಗೆ ನುಗ್ಗುತ್ತಾನೆ. ಮುಖ ಕಾಣುವುದಿಲ್ಲ. ಹಾಗಾಗಿ ಅವನು ಯಾರೆಂದು ಫೋನಿನ ಹುಡುಗರಿಗೆ ಗೊತ್ತಿಲ್ಲ.

ನಮ್ಮ ವಯಸ್ಸಿನವರಿಗೆ ಗೊತ್ತು. ಅವನು ಚಿಕ್ಕರಂಗಯ್ಯ. ಬಡವನಹಳ್ಳಿ ಕಡೆಯ ಗೊಲ್ಲರ ಹುಡುಗ. ಶೂಟಿಂಗಿಗೆ ಕುರಿ ಹೊಡೆದುಕೊಂಡು ಬಂದವನಿಗೆ ಬಂಟನ ಪಾರ್ಟು ಕೊಟ್ಟಿದ್ದರು. ಸಿನಿಮಾ ಬಂದ ಮೇಲೆ ಊರು ಅವನಿಗೆ ಪಂಚೆ ರಂಗ ಎಂದು ಹೆಸರಿಟ್ಟಿತು. ಮದುವೆಗೆ ಗೊತ್ತಾಗಿದ್ದ ಹೆಣ್ಣು ತಪ್ಪಿತು. ಅವನು ಮಂದೆ ಮಾರಿ ಪಾವಗಡದ ಕಡೆ ಹೊರಟುಹೋದ.

ಪ್ರಭುದೇವ ಈ ಅನಾಮಿಕನನ್ನು ಹುಡುಕಿ ವೇದಿಕೆಯಲ್ಲಿ ಶಾಲು ಹೊದಿಸಬೇಕೆಂದ. ಹುಡುಕಿಕೊಟ್ಟವನು ನಾನು. ಮಂಗಳವಾರ ಪಾವಗಡ ಹತ್ತಿರದ ಕ್ಯಾತಗಾನಚೆರ್ಲಿಗೆ ಹೋಗಿ, ಸೋಲಾರ್ ಪಾರ್ಕಿನ ಬೇಲಿ ಪಕ್ಕದ ಮನೆಯಲ್ಲಿ ಅವನ ಮುಂದೆ ಕುಳಿತು ಟೀ ಕುಡಿದೆ. “ಹಳೇ ಕಲಾವಿದರಿಗೆ ಸನ್ಮಾನ, ಬನ್ನಿ,” ಎಂದೆ. ಯಾವ ತುಣುಕು ತೋರಿಸುತ್ತಾರೆಂದು ಹೇಳಲಿಲ್ಲ. ಬಾಯಿ ಬರಲಿಲ್ಲ. ಅವನ ಮಗಳು ಸ್ನೇಹಲತಾ ಮಧುಗಿರಿಯಲ್ಲಿ ಹೈಸ್ಕೂಲ್ ಟೀಚರ್, ಪ್ರಭುದೇವನ ಸಿನಿಮಾ ಬಳಗದಲ್ಲೂ ಇದ್ದಾಳೆ. ಅವಳಿಗೆ ಅಪ್ಪನ ಈ ಕಥೆಯೇ ಗೊತ್ತಿರಲಿಲ್ಲ.

ಇನ್ನೊಂದು ಮಾತನ್ನೂ ನಾನು ಯಾರಿಗೂ ಹೇಳಿರಲಿಲ್ಲ. ಶೂಟಿಂಗ್ ದಿನ ನಾನೂ ಆ ಬಂಡೆ ಹತ್ತಿರ ಇದ್ದೆ. ಆಗ ನನಗೆ ಇಪ್ಪತ್ತು. ಕಾಲೇಜು ತಪ್ಪಿಸಿ ಗುಂಪಿನಲ್ಲಿ ನಿಲ್ಲಲು ಹೋಗಿದ್ದೆ. ಆಮೇಲೆ ಟೆಂಟಿನಲ್ಲಿ ಆ ಸೀನು ಬಂದಾಗ ‘ಒನ್ಸ್ ಮೋರ್’ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನೂ ನಾನೇ.

* * *

ದಾಸಣ್ಣ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಿಚ್ಚುತ್ತಾ ಹೋದ. ಬಿಚ್ಚಿದ್ದೆಲ್ಲ ಪ್ರಭುದೇವ ಹಾಸಿದ ಬಿಳೀ ಬೆಡ್‌ಶೀಟಿನ ಮೇಲೆ ಸುರುಳಿಯಾಗಿ ಬೀಳುತ್ತಿತ್ತು.

“ಇಲ್ಲಿ ಬೀಳ್ತಾನೆ,” ಎಂದ.

ಸ್ವಲ್ಪ ಹೊತ್ತಿನ ಮೇಲೆ, “ಇಲ್ಲಿ ಇನ್ನೊಂದ್ ಕಿತ.”

ಮತ್ತೆ ಸ್ವಲ್ಪ ಹೊತ್ತಿಗೆ, “ಇಲ್ಲಿ ಮತ್ತೊಂದ್ ಕಿತ.”

“ಮೂರು ಸಲಾನಾ?” ಎಂದ ಪ್ರಭುದೇವ. “ಫೋನಲ್ಲಿ ಒಂದೇ ಸಲ ಇದೆಯಲ್ಲ.”

“ಸಿನಿಮಾದಾಗೆ ಒಂದೇ. ನಮ್ ಟೆಂಟ್ನಾಗೆ ಮೂರು.” ದಾಸಣ್ಣನ ದನಿ ತಗ್ಗಿತು. “ಜನ ಒನ್ಸ್ ಮೋರ್ ಅಂತ ಟೆಂಟ್ ಹಾರ್ಸೋರು. ಸಿರಾಕ್ ಬಂದಿದ್ದ ಹಳೇ ಪ್ರಿಂಟ್ನಿಂದ ಎರಡು ತುಂಡು ಕೇಳಿ ಈಸ್ಕಂಡ್ ಬಂದೆ. ಬ್ಲೇಡ್ನಲ್ಲಿ ಕೆರ್ದು, ಅಂಟ್ ಹಾಕಿ ಜೋಡಿಸ್ದೆ. ಒಂದ್ ದಿನ ರಂಗಾನೂ ಟೆಂಟಿಗೆ ಬಂದಿದ್ದ ಕಣಪ್ಪಾ. ಕಂಬಳಿ ಹೊದ್ಕಂಡು ಮೂಲ್ಯಾಗೆ ಕುಂತಿದ್ದ. ನಾನು ನೋಡ್ದೆ. ನೋಡ್ದ ಮೇಲೂ ಮೂರು ಕಿತ ಬೀಳ್ಸಿದೆ.”

ಕೆಳಗೆ ಅಂಗಡಿಯಲ್ಲಿ ಯಾರದೋ ಫೋನು ರಿಂಗಾಗಿ ನಿಂತಿತು.

“ಅದಕ್ಕೇ ತೋರುಸ್ಬ್ಯಾಡ ಅಂದಿದ್ದು. ಕದಿಯೋ ಧೈರ್ಯ ಇದ್ದಿದ್ರೆ ಅವತ್ತೇ ಕದ್ದು ಸುಡ್ತಿದ್ದೆ.”

ನನಗೆ ಅವನ ಮುಖ ನೋಡಲಾಗಲಿಲ್ಲ. ಅಂಟಿಸಿದವನು ಅವನಾದರೆ ಅಂಟಿಸು ಎಂದು ಕೂಗಿದವನು ನಾನು. ಅವನು ಬಾಯಿಬಿಟ್ಟು ಹೇಳಿಕೊಂಡ. ನಾನು ಪೆನ್ನು ತೆಗೆದು ಡೈರಿಯಲ್ಲಿ ಏನನ್ನೋ ಗೀಚುತ್ತಾ ಕುರ್ಚಿಯಲ್ಲಿ ಕುಳಿತೆ.

ಪ್ರಭುದೇವ ಕೆಳಗಿನಿಂದ ರಿಪೇರಿಯ ಭೂತಗನ್ನಡಿ ತಂದು ಒಂದು ಚೌಕಟ್ಟಿನ ಮೇಲಿಟ್ಟ.

“ರುದ್ರಮುನಿ ಸಾರ್, ಫೋನಿನ ಕ್ಲಿಪ್ಪಿಗಿಂತ ಅಗಲ ಇದೆ ಇದು. ಅದು ಟಿವಿಯಿಂದ ಇಳಿಸಿಕೊಂಡಿದ್ದು, ಎರಡೂ ಕಡೆ ಕತ್ತರಿಸಿ ಹೋಗಿದೆ. ಇಲ್ಲಿ ನೋಡಿ, ಎಡಗಡೆ ಜನ ನಿಂತಿದ್ದಾರೆ.” ಅವನು ಕಣ್ಣನ್ನು ಭೂತಗನ್ನಡಿಗೆ ಒತ್ತಿದ. “ಪಂಚೆ ಜಾರಿದ್ದಲ್ಲ ಸಾರ್! ಯಾರೋ ತುದಿ ಮೆಟ್ಟಿಕೊಂಡಿದ್ದಾರೆ. ಬೇಕಂತಲೇ. ಕಾಲು ಮುಂದೆ ಚಾಚಿ ಮೆಟ್ಟಿರೋದು.”

“ಮುಖ ಕಾಣ್ತದಾ?” ಎಂದೆ.

“ಇಲ್ಲ. ಮೊಣಕಾಲಿಂದ ಕೆಳಗೆ ಮಾತ್ರ. ಬಿಳೀ ಕ್ಯಾನ್ವಾಸ್ ಶೂ. ಮುಂದುಗಡೆ ಕುಯ್ದಿದೆ, ಬೆರಳು ಆಚೆ ಬಂದಿದೆ. ನೀವೇ ನೋಡಿ.”

ನಾನು ಬಗ್ಗಿ ನೋಡಿದೆ.

ನಲವತ್ತು ವರ್ಷ ನಾನು ಜಾರಿತು ಎಂದೇ ಹೇಳಿಕೊಂಡು ಬಂದಿದ್ದೆ. ಹೇಳಿ ಹೇಳಿ ನಾನೇ ನಂಬಿದ್ದೆ. ಪಕ್ಕದಲ್ಲಿದ್ದ ಗೆಳೆಯರನ್ನು ನಗಿಸಬೇಕಿತ್ತು, ಅಷ್ಟೇ. ಒಂದು ಹೆಜ್ಜೆ ಮುಂದಿಟ್ಟೆ, ಅಷ್ಟೇ. ಎನ್‌ಸಿಸಿ ಶೂ ಸೊಟ್ಟ ಬೆರಳನ್ನು ಒತ್ತುತ್ತದೆಂದು ಅದರ ಮೂತಿಯನ್ನು ನಾನೇ ಬ್ಲೇಡಿನಲ್ಲಿ ಕುಯ್ದಿದ್ದೆ.

ತಲೆ ಎತ್ತಿದಾಗ ದಾಸಣ್ಣ ನನ್ನನ್ನೇ ನೋಡುತ್ತಿದ್ದ. ಅವನು ನೆಲದ ಮೇಲೆ ಕುಳಿತಿದ್ದ. ನನ್ನ ಕಾಲು ಅವನ ಕಣ್ಣ ಮುಂದೆಯೇ ಇತ್ತು.

“ಇನ್ನೊಂದ್ ಕಿತ ನೋಡಿ ಸಾ,” ಎಂದ ಮೆಲ್ಲಗೆ.

ಆಗಲೇ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

* * *

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವನು ಚಿಕ್ಕರಂಗಯ್ಯ. ಅರವತ್ತೇಳರ ಒಣಗಿದ ಮೈ. ಮೊಣಕಾಲಿನವರೆಗಿನ ಖಾಕಿ ನಿಕ್ಕರು, ಬಿಳೀ ಅಂಗಿ. ಮೊನ್ನೆ ಅವನ ಮನೆಯಲ್ಲೂ ನಿಕ್ಕರಿನಲ್ಲೇ ಇದ್ದ. ಅವನು ಪಂಚೆ ಉಡುವುದನ್ನೇ ಬಿಟ್ಟಿದ್ದಾನೆಂದು ನನಗೆ ಈಗ ಹೊಳೆಯಿತು.

ಬಿಳೀ ಬಟ್ಟೆಯ ಗಂಟೊಂದನ್ನು ನನ್ನ ಮುಂದೆ ಇಟ್ಟು ಬಿಚ್ಚಿದ. ಹನ್ನೆರಡು ಎಂದು ಬರೆದ ಮುಚ್ಚಳ. ಕಳೆದುಹೋದ ಡಬ್ಬ.

“ನಾನೇ ಕದ್ದಿದ್ದು ಸಾ. ಮಂಗಳವಾರ ಬಂದು ಎತ್ಕಂಡ್ ಹೋದೆ. ಅದೇನ್ ಬರ್ಕಂತೀರೋ ಬರ್ಕಳಿ.”

“ಮಂಗಳವಾರ ಮಧ್ಯಾಹ್ನಾನಾ?”

“ಹೂಂ ಸಾ.”

“ಮಂಗಳವಾರ ಮಧ್ಯಾಹ್ನ ನಾವಿಬ್ಬರೂ ನಿಮ್ಮನೇಲಿ ಟೀ ಕುಡೀತಿದ್ದೆವಲ್ಲ ರಂಗಯ್ಯನೋರೆ.”

ಅವನು ತಲೆ ತಗ್ಗಿಸಿದ. ಮರೆತೇಬಿಟ್ಟಿದ್ದ ಪಾಪ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೀಗೆಯೇ ಸಿಕ್ಕಿಬೀಳುತ್ತಾರೆ. ಆ ಗಂಟಿನ ಬಟ್ಟೆಯ ಅಂಚಿನಲ್ಲಿ ಶಾಲೆಯ ಮೊಹರಿತ್ತು. ಉತ್ತರ ಪತ್ರಿಕೆ ಕಟ್ಟಿಡುವ ಬಟ್ಟೆ. ಮಂಗಳವಾರ ಇದೇ ಕೋಣೆಯಲ್ಲಿ ಕುಳಿತು ಆಹ್ವಾನ ಪತ್ರಿಕೆ ಬರೆಯುತ್ತಿದ್ದವಳು ಸ್ನೇಹಲತಾ. ಅವಳ ಅಪ್ಪನ ಮನೆಯಿಂದ ನಾನು ಫೋನಿನಲ್ಲಿ ಕಳಿಸಿದ ಆ ಬಂಟನ ಹೆಸರನ್ನು ಪ್ರಭುದೇವ ಕುಣಿಯುತ್ತಾ ಮೊದಲು ಓದಿ ಹೇಳಿದ್ದು ಅವಳಿಗೇ. ಟೀಚರಮ್ಮ. ಬರೆದದ್ದನ್ನು ನಂಬಿ ಡಬ್ಬ ಎತ್ತಿಕೊಂಡಿದ್ದಳು.

ಪ್ರಭುದೇವನಿಗೂ ಅರ್ಥವಾಯಿತು. ಅವನ ಮುಖ ಬಾಡಿತು.

“ರಂಗಯ್ಯನೋರೆ, ನನ್ನ ಕ್ಷಮಿಸಿಬಿಡಿ. ತಮಾಷೆ ಅಂದ್ಕೊಂಡಿದ್ದೆ. ಸ್ನೇಹಲತಾ ಮೇಡಂ ಮೇಲೆ ನಂಗೇನೂ ಕೋಪ ಇಲ್ಲ. ಆ ಸೀನೇ ತೆಗೆದುಹಾಕ್ತೀನಿ, ಸನ್ಮಾನಾನೂ ಬೇಡ.”

“ಬ್ಯಾಡ,” ಎಂದ ಚಿಕ್ಕರಂಗಯ್ಯ.

“ಏನು ಬೇಡ?”

“ತೆಗೀಬ್ಯಾಡ. ತೋರ್ಸಪ್ಪ. ಪೂರ್ತಿ ತೋರ್ಸು.” ಅವನು ನೆಲದ ಮೇಲಿನ ಫಿಲ್ಮಿನ ರಾಶಿಯನ್ನು ನೋಡಿದ. “ಮಗಳು ನಂಗೋಸ್ಕರ ಹೆದ್ರಿ ಎತ್ಕಂಡ್ ಬಂದ್ಲು. ನಿನ್ನೆ ನನ್ ಮುಂದೆ ಇಟ್ಟು ಅತ್ಬುಟ್ಲು. ನಾನ್ ಅಂದೆ, ಅಳಬ್ಯಾಡ ಕಣಮ್ಮ, ವಾಪಸ್ ಕೊಡಾನ ಅಂತ. ಫೋನ್ನಾಗೆ ಅರ್ಧಾನೇ ಐತೆ. ಊರೆಲ್ಲಾ ಏನಂದ್ಕಂಡೈತೆ, ರಂಗಂಗೆ ಪಂಚೆ ಕಟ್ಟಕ್ ಬರಾಕಿಲ್ಲ ಅಂತ. ನೆಟ್ಟಗೆ ಕಟ್ಟಿದ್ದೆ ಸಾ ನಾನು. ಎಲ್ಡು ಗಂಟು ಹಾಕಿದ್ದೆ.”

ದಾಸಣ್ಣ ಫಿಲ್ಮು ಹಿಡಿದ ಕೈಯನ್ನು ಹಾಗೇ ಕೆಳಗಿಳಿಸಿದ. “ರಂಗಾ...” ಎಂದ.

“ನೀನ್ ಸುಮ್ಕಿರು ದಾಸಣ್ಣ. ನಿನ್ ಹೊಟ್ಟೆಪಾಡು ನೀನ್ ಮಾಡ್ದೆ.” ಚಿಕ್ಕರಂಗಯ್ಯ ನನ್ನ ಕಡೆ ತಿರುಗಿದ. “ಸಾ, ನೀವ್ ಮಂಗಳವಾರ ಸನ್ಮಾನ ಅಂದಾಗ್ಲೇ ಗೊತ್ತಾಯ್ತು ನಂಗೆ. ಆದ್ರೂ ಯಾಕ್ ಒಪ್ಕಂಡೆ ಗೊತ್ತಾ? ಪೊಲೀಸ್ನೋರು, ನಂಗೊಬ್ಬನ್ನ ಹುಡುಕ್ಕೊಡ್ತಾರೆ ಅಂತ.”

“ಯಾರನ್ನ?” ಎಂದ ಪ್ರಭುದೇವ. ನಾನು ಕೇಳಲಿಲ್ಲ.

“ನನ್ ಪಂಚೆ ಮೆಟ್ಟಿದೋನ್ನ. ಬಿದ್ದಾಗ ನನ್ ಮುಖದ ಹತ್ರಾನೇ ಇತ್ತು ಆ ಕಾಲು. ಬಿಳೀ ಬೂಟು, ಮುಂದುಗಡೆ ಕುಯ್ದಿತ್ತು. ಮುಖ ನೋಡೋಕೆ ಎಲ್ಲಿ ಟೈಮು, ಮಾನ ಮುಚ್ಕಂಡ್ ಓಡ್ಬೇಕಿತ್ತು. ಬಡವನಹಳ್ಳಿ ಸಂತೆಗೆ ಅವತ್ತಿಂದ ಕಾಲಿಟ್ಟಿಲ್ಲ ಸಾ. ನಮ್ಮವ್ವ ಸತ್ತಾಗ ಬೆಳಕ್ ಹರ್ಯೋ ಮುಂಚೆ ಬಂದು ಮಣ್ ಹಾಕಿ ಹೋದೆ. ಹೊಡಿಯಕ್ಕಲ್ಲ ಸಾ, ಬೈಯಕ್ಕೂ ಅಲ್ಲ. ಯಾಕ್ ಮೆಟ್ದೆ ಅಂತ ಒಂದ್ ಮಾತು ಕೇಳ್ಬೇಕು, ಅಷ್ಟೇ ಕದಾ.”

“ಫಿಲ್ಮಲ್ಲಿ ಇದೆ!” ಪ್ರಭುದೇವ ಉತ್ಸಾಹದಿಂದ ಭೂತಗನ್ನಡಿಯನ್ನು ಅವನ ಕೈಗಿತ್ತ. “ಈಗಷ್ಟೇ ನೋಡಿದ್ವಿ. ಭಾನುವಾರ ದೊಡ್ಡ ಪರದೆ ಮೇಲೆ ಎಲ್ರಿಗೂ ಕಾಣುತ್ತೆ. ಆ ದಿನ ಅಲ್ಲಿದ್ದೋರು ಯಾರಾದ್ರೂ ಗುರುತು ಹಿಡೀತಾರೆ. ರುದ್ರಮುನಿ ಸಾರ್ ಹಿಡಿದೇ ಹಿಡೀತಾರೆ, ಬಿಡಿ.”

ಚಿಕ್ಕರಂಗಯ್ಯ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದ. ಬಾಯಲ್ಲಿ ಎಣಿಸುವವನಂತೆ ಗುಣುಗುಟ್ಟಿದ.

“ಇದೇ ಬೂಟು. ಇದೇ ಬೆಳ್ಳು. ನೋಡಿ, ಸೊಟ್ಟಗೈತೆ. ಉಗುರೇ ಇಲ್ಲ.”

ಈಗ ಹೇಳಬೇಕು. ನಾನೇ ಎಂದು ಹೇಳಲು ಎರಡು ಅಕ್ಷರ ಸಾಕಿತ್ತು. ಎಷ್ಟೋ ಕಳ್ಳರ ಬಾಯಿಂದ ಆ ಎರಡಕ್ಷರ ಹೊರಡಿಸಿದವನು ನಾನು. ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ಅವರಿಗೆ ಬುದ್ಧಿ ಹೇಳಿದವನು. ನನ್ನ ನಾಲಿಗೆ ಏಳಲಿಲ್ಲ.

ನಾಲಿಗೆಯ ಬದಲು ಕಾಲು ಅಲ್ಲಾಡಿತು. ಎಡಗಾಲು ತಾನಾಗಿಯೇ ಕುರ್ಚಿಯ ಕೆಳಕ್ಕೆ ಸರಿಯಿತು.

ಬೆಡ್‌ಶೀಟಿನ ಮೇಲಿದ್ದ ಫಿಲ್ಮು ಕಾಲಿಗೆ ತಗುಲಿ ಸರಕ್ಕೆಂದಿತು. ಚಿಕ್ಕರಂಗಯ್ಯ ಭೂತಗನ್ನಡಿಯಿಂದ ಕಣ್ಣು ತೆಗೆದು ಆ ಸದ್ದಿನ ಕಡೆ ನೋಡಿದ. ಆಮೇಲೆ ನನ್ನ ಮುಖ ನೋಡಿದ.

“ಕಾಲ್ಯಾಕ್ ಒಳೀಕ್ ಎಳ್ಕಂಡ್ರಿ ಸಾ?”